ನೋವಿಗೊಂದು, ಭಯಕ್ಕೊಂದು, ಶಿಕ್ಷೆಗೊಂದು: ‘ಕಡಿಮೆ ಮಾಡು’ ಅನ್ನಲು ಇಂಗ್ಲಿಷಿಗೆ ಯಾಕಿಷ್ಟು ಕ್ರಿಯಾಪದ?

‘ಈ ಮಾತ್ರೆ ತಲೆನೋವನ್ನು ಮಿಟಿಗೇಟ್ ಮಾಡುತ್ತದೆ’ ಎಂದು ಇಂಗ್ಲಿಷಿನಲ್ಲಿ ಬರೆದರೆ ವ್ಯಾಕರಣದ ತಪ್ಪೇನೂ ಇಲ್ಲ. ನಿಘಂಟು ಕೂಡ ನಿಮ್ಮ ಪರವಾಗಿಯೇ ನಿಲ್ಲುತ್ತದೆ. ಆದರೂ ಇಂಗ್ಲಿಷ್ ಚೆನ್ನಾಗಿ ಬಲ್ಲವರು ಆ ವಾಕ್ಯದ ಮೇಲೆ ಒಂದು ಕ್ಷಣ ಎಡವುತ್ತಾರೆ. ತಲೆನೋವಿಗೆ ರಿಲೀವ್ ಸರಿ, ಈಸ್ ಸರಿ, ಸ್ವಲ್ಪ ಗಂಭೀರವಾಗಿ ಬರೆಯುವಾಗ ಅಲೀವಿಯೇಟ್ ಕೂಡ ಸರಿ. ಮಿಟಿಗೇಟ್ ಮಾತ್ರ ತಲೆನೋವಿನ ಕಡೆ ಸುಳಿಯುವ ಪದವಲ್ಲ. ಅದರ ಓಡಾಟವೆಲ್ಲ ಪ್ರವಾಹ, ಹವಾಮಾನ, ಕೋರ್ಟು, ವಿಮೆ, ಪ್ರಾಜೆಕ್ಟ್ ವರದಿ ಇಂಥ ಕಡೆ.

ಇಂಗ್ಲಿಷ್-ಕನ್ನಡ ನಿಘಂಟು ತೆರೆದು ಈ ಗುಂಪಿನ ಹತ್ತು ಪದ ಹುಡುಕಿ ನೋಡಿ. ತಿರುಗಿಸಿ ಮುರುಗಿಸಿ ಸಿಗುವುದು ಅದೇ ನಾಲ್ಕು ಅರ್ಥ: ಕಡಿಮೆ ಮಾಡು, ತಗ್ಗಿಸು, ಶಮನಗೊಳಿಸು, ಉಪಶಮನ ಮಾಡು. ಹಾಗೆ ಓದಿದವರಿಗೆ ಹತ್ತೂ ಪದಗಳು ಒಂದೇ ಅನ್ನಿಸಿದರೆ ತಪ್ಪು ಅವರದ್ದಲ್ಲ. ಪರೀಕ್ಷೆಗೆ ಓದುವ ಮಕ್ಕಳ ಸಮಾನಾರ್ಥಕ ಪಟ್ಟಿಗಳೂ ಇದನ್ನೇ ಹೇಳಿಕೊಡುತ್ತವೆ.

ನಿಜ ಹೇಳಬೇಕೆಂದರೆ ಒಂದೊಂದಕ್ಕೆ ಒಂದೊಂದು ಕ್ರಿಯಾಪದ ಇಟ್ಟುಕೊಳ್ಳುವ ಚಾಳಿ ನಮಗೆ ಹೊಸದಲ್ಲ. ಕನ್ನಡದಲ್ಲಿ ಜ್ವರ ಬಿಡುತ್ತದೆ. ಊತ ಇಳಿಯುತ್ತದೆ. ಬಾಯಾರಿಕೆ ಹಿಂಗುತ್ತದೆ. ಮಲೆನಾಡಿನಲ್ಲಿ ಮಳೆ ಹೊಳವಾಗುತ್ತದೆ, ಅಂದರೆ ಬಿಡುವು ಕೊಡುತ್ತದೆ. ಅಳುವ ಮಗುವನ್ನು ಸಮಾಧಾನ ಮಾಡುತ್ತೇವೆ, ಆದರೆ ಊತವನ್ನು ಯಾರೂ ಸಮಾಧಾನ ಮಾಡುವುದಿಲ್ಲ. ‘ಜ್ವರ ಹೊಳವಾಯಿತು’ ಅಂದರೆ ಮನೆಯವರೆಲ್ಲ ನಗುತ್ತಾರೆ. ಯಾವುದಕ್ಕೆ ಯಾವುದು ಎಂದು ನಮಗೆ ಯಾರೂ ಪಾಠ ಮಾಡಿಲ್ಲ. ಕಿವಿಗೆ ಬಿದ್ದು ಬಿದ್ದು ಬಂದಿದೆ. ಇಂಗ್ಲಿಷಿನಲ್ಲೂ ಅಷ್ಟೇ. ಕ್ರಿಯಾಪದದ ಅರ್ಥವನ್ನು ಹಿಡಿದು ಹೊರಡುವುದಕ್ಕಿಂತ, ಕಾಡುತ್ತಿರುವುದು ಏನು ಎಂದು ಮೊದಲು ನೋಡಬೇಕು. ನೋವೋ, ಭಯವೋ, ಸಿಟ್ಟೋ, ನಷ್ಟವೋ, ಶಿಕ್ಷೆಯೋ? ಆಮೇಲೆ ಇನ್ನೊಂದು ಪ್ರಶ್ನೆ: ಈ ಕೆಲಸ ಮುಗಿದ ಮೇಲೂ ಆ ತೊಂದರೆ ಅಲ್ಲೇ ಇರುತ್ತದೆಯೇ? ಈ ಕ್ರಿಯಾಪದಗಳಲ್ಲಿ ಹೆಚ್ಚಿನವು ‘ಇರುತ್ತದೆ’ ಎಂದೇ ಒಪ್ಪಿಕೊಳ್ಳುತ್ತವೆ. ಗುಣಪಡಿಸುತ್ತೇನೆ, ಪರಿಹರಿಸುತ್ತೇನೆ ಎಂಬ ಮಾತನ್ನು ಅವು ಕೊಡುವುದಿಲ್ಲ.

ನೋವಿನ ಪದಗಳು

ರಿಲೀವ್ ಮತ್ತು ಅಲೀವಿಯೇಟ್ ಎರಡೂ ಲ್ಯಾಟಿನ್ನಿನ ‘ಲೆವಿಸ್’ ಎಂಬ ಮೂಲದಿಂದ ಬಂದವು. ಲೆವಿಸ್ ಅಂದರೆ ಹಗುರ. ಭಾರ ಎತ್ತುವ ಲಿವರ್, ಮಹಡಿ ಹತ್ತಿಸುವ ಎಲಿವೇಟರ್ ಇವುಗಳ ನೆಂಟರು. ಇವುಗಳ ವಿರುದ್ಧ ಪದವಾದ ಅಗ್ರವೇಟ್ ಹುಟ್ಟಿದ್ದು ‘ಗ್ರಾವಿಸ್’, ಅಂದರೆ ಭಾರ ಎಂಬುದರಿಂದ. ಹಾಗಾಗಿ ಮೇಲೆ ಹೊರೆಯಾಗಿ ಕೂತಿರುವ ಯಾವುದಕ್ಕಾದರೂ ಈ ಎರಡು ಪದ ಹೊಂದುತ್ತವೆ: ನೋವು, ಬಡತನ, ಹಸಿವು, ಟ್ರಾಫಿಕ್ ದಟ್ಟಣೆ. ಸರ್ಕಾರಿ ಯೋಜನೆಗಳಲ್ಲಿ ಬರುವ ‘ಪಾವರ್ಟಿ ಅಲೀವಿಯೇಶನ್’ ನೆನಪಿಗೆ ಬಂದಿರಬೇಕು ಅಲ್ವಾ? ಬಡತನ ನಿರ್ಮೂಲನೆ ಎನ್ನುವುದು ದೊಡ್ಡ ಮಾತು. ಅದಕ್ಕೆ ಎರ್‍ಯಾಡಿಕೇಶನ್ ಎಂಬ ಬೇರೆ ಪದವೇ ಇದೆ. ಅಲೀವಿಯೇಶನ್ ಅಂದವರು ಹೊರೆ ಇಳಿಸುತ್ತೇವೆ ಅಂದರೇ ಹೊರತು ಹೊರೆಯೇ ಇಲ್ಲದಂತೆ ಮಾಡುತ್ತೇವೆ ಅನ್ನಲಿಲ್ಲ.

ಎರಡರ ನಡುವೆ ಒಂದು ವ್ಯತ್ಯಾಸವಿದೆ. ಅಲೀವಿಯೇಟ್ ಮನುಷ್ಯರನ್ನು ಮುಟ್ಟುವುದಿಲ್ಲ, ಅವರ ಕಷ್ಟವನ್ನು ಮಾತ್ರ ಮುಟ್ಟುತ್ತದೆ. ರಿಲೀವ್ ಎರಡನ್ನೂ ಮುಟ್ಟುತ್ತದೆ. ನೋವನ್ನು ರಿಲೀವ್ ಮಾಡಬಹುದು, ಮನುಷ್ಯನನ್ನೂ ಮಾಡಬಹುದು. ಅದಕ್ಕೇ ಫಲಿತಾಂಶ ಬಂದ ಮೇಲೆ ‘ಐ ಆಮ್ ರಿಲೀವ್ಡ್’ ಅನ್ನುತ್ತೇವೆ. ‘ಐ ಆಮ್ ಅಲೀವಿಯೇಟೆಡ್’ ಎಂಬ ಮಾತು ಇಲ್ಲ.

ಈ ರಿಲೀವ್ ನಮ್ಮ ಆಫೀಸುಗಳಲ್ಲಿ ತನ್ನದೇ ಒಂದು ಬದುಕು ಕಟ್ಟಿಕೊಂಡಿದೆ. ಬೆಂಗಳೂರಿನ ಐಟಿ ಕಂಪನಿ ಬಿಟ್ಟವರು ರಿಲೀವಿಂಗ್ ಲೆಟರಿಗೆ ಕಾಯುತ್ತಾರೆ. ವರ್ಗಾವಣೆಯಾದ ಮೇಷ್ಟ್ರು ‘ಇನ್ನೂ ರಿಲೀವ್ ಆಗಿಲ್ಲ’ ಅನ್ನುತ್ತಾರೆ. ಇದು ಗೌರವದಿಂದ ಹೊರಗೆ ಬರುವ ಮಾತು. ಆದರೆ ಅಮೆರಿಕ, ಬ್ರಿಟನ್ನಿನ ಪತ್ರಿಕೆಗಳಲ್ಲಿ ಸೇನಾಧಿಕಾರಿಯೊಬ್ಬರನ್ನು ಕಮಾಂಡಿನಿಂದ ‘ರಿಲೀವ್’ ಮಾಡಿದರು ಎಂದು ಬಂದರೆ ಅರ್ಥ ಬೇರೆ. ಏನೋ ಎಡವಟ್ಟಾಗಿದೆ, ಅದಕ್ಕೇ ತೆಗೆದುಹಾಕಿದ್ದಾರೆ. ಹೊರದೇಶದ ಕೆಲಸಕ್ಕೆ ಅರ್ಜಿ ಹಾಕುವವರು ‘ಐ ವಾಸ್ ರಿಲೀವ್ಡ್ ಆಫ್ ಮೈ ಡ್ಯೂಟೀಸ್’ ಎಂದು ಬರೆದರೆ, ಓದುವವರು ‘ಅಯ್ಯೋ ಪಾಪ, ಕೆಲಸದಿಂದ ತೆಗೆದರಂತೆ’ ಎಂದುಕೊಳ್ಳುತ್ತಾರೆ. ರಿಸೈನ್ ಮಾಡಿದೆ ಎಂದು ನೇರವಾಗಿ ಬರೆಯುವುದೇ ಕ್ಷೇಮ.

ಈಸ್ ದಿನನಿತ್ಯದ ಪದ. ಅದರಲ್ಲಿ ಹಗುರಕ್ಕಿಂತ ಸಡಿಲದ ಭಾವ ಜಾಸ್ತಿ. ಬಿಗಿಯಾಗಿರುವ ಎಲ್ಲದಕ್ಕೂ ಸಲ್ಲುತ್ತದೆ: ಸ್ನಾಯು, ಉದ್ವೇಗ, ನಿಯಮ, ಬಡ್ಡಿದರ. 2020ರ ಲಾಕ್‌ಡೌನ್ ನಿರ್ಬಂಧಗಳನ್ನು ಸರ್ಕಾರಗಳು ಈಸ್ ಮಾಡಿದವು. ನಿರ್ಬಂಧವನ್ನು ಅಲೀವಿಯೇಟ್ ಮಾಡಿದರು ಎಂದು ಯಾರೂ ಬರೆಯಲಿಲ್ಲ. ಯಾವ ಪದ ಹಾಕಬೇಕೆಂದು ಗೊಂದಲವಾದಾಗ ಈಸ್ ಹಾಕಿದರೆ ಹೆಚ್ಚಿನ ಸಲ ನಡೆದುಹೋಗುತ್ತದೆ.

ಸೂದ್ ಇರುವುದು ಚರ್ಮಕ್ಕೆ, ಗಂಟಲಿಗೆ, ನರಗಳಿಗೆ ಮತ್ತು ಕೂಸುಗಳಿಗೆ. ಉರಿ, ತುರಿಕೆ, ಕೆರೆತ ಇಂಥವು ತಣ್ಣಗಾಗುವ ಭಾವ ಅದರದ್ದು. ಈ ಪದ ನಡೆದುಬಂದ ದಾರಿ ವಿಚಿತ್ರವಾಗಿದೆ. ಹಳೆಯ ಇಂಗ್ಲಿಷಿನಲ್ಲಿ ‘ಸೂತ್’ ಅಂದರೆ ಸತ್ಯ. ಭವಿಷ್ಯ ಹೇಳುವವನಿಗೆ ಸೂತ್‌ಸೇಯರ್ ಎಂಬ ಹೆಸರು ಬಂದದ್ದೂ ಅಲ್ಲಿಂದಲೇ. ಸೂದ್ ಎಂಬ ಕ್ರಿಯಾಪದದ ಮೊದಲ ಅರ್ಥ ‘ನಿಜವೆಂದು ತೋರಿಸು’. ನಿಜ ಎಂದು ಸಾಬೀತು ಮಾಡುವುದು ಮುಂದೆ ‘ನೀನು ಹೇಳುವುದು ನಿಜ’ ಎಂದು ತಲೆಯಾಡಿಸುವುದಾಯಿತು. ಅಲ್ಲಿಂದ ಸುಮ್ನೆ ಹೌದಪ್ಪಾ ಹೌದು ಅನ್ನುತ್ತಾ ಪೂಸಿ ಹೊಡೆಯುವುದಾಯಿತು. ಕೊನೆಗೆ ಸಮಾಧಾನ ಮಾಡುವುದು ಎಂಬಲ್ಲಿಗೆ ಬಂದು ನಿಂತಿತು. ರಚ್ಚೆ ಹಿಡಿದ ಮಗುವನ್ನು, ರೇಗಿದ ಮೇಲಧಿಕಾರಿಯನ್ನು ನಿಭಾಯಿಸಿದವರಿಗೆ ಈ ದಾರಿಯಲ್ಲಿ ಆಶ್ಚರ್ಯವೇನೂ ಕಾಣಲಿಕ್ಕಿಲ್ಲ.

ಇನ್ನು ಪ್ಯಾಲಿಯೇಟ್. ಮಾತಿನಲ್ಲಿ ಇದನ್ನು ಯಾರೂ ಬಳಸುವುದಿಲ್ಲ. ಆದರೆ ‘ಪ್ಯಾಲಿಯೇಟಿವ್ ಕೇರ್’ ಎಂಬ ರೂಪದಲ್ಲಿ ಎಷ್ಟೋ ಮನೆಗಳ ಬಾಗಿಲಿಗೆ ಬಂದಿದೆ. ಇದರ ಮೂಲ ‘ಪ್ಯಾಲಿಯಂ’, ರೋಮನ್ನರ ಕಾಲದ ಹೊದಿಕೆಯಂಥ ಮೇಲುಡುಪು. ಪ್ಯಾಲಿಯೇಟ್ ಮಾಡುವುದೆಂದರೆ ಹೊದಿಸುವುದು. ರೋಗ ಒಳಗೇ ಇದೆ, ಅದರ ಚುಚ್ಚು ರೋಗಿಗೆ ತಟ್ಟದಂತೆ ಹೊದಿಸುತ್ತೇವೆ. ಇದೇ ಕಾರಣಕ್ಕೆ ರಾಜಕೀಯ ಬರಹದಲ್ಲಿ ಇದು ಬೈಗುಳ. ಒಂದು ಯೋಜನೆಯನ್ನು ಪ್ಯಾಲಿಯೇಟಿವ್ ಅಂದರೆ ಅದು ತೇಪೆ ಕೆಲಸ, ಬೇರು ಮುಟ್ಟಿಲ್ಲ ಎಂಬ ಟೀಕೆ.

ಆಸ್ಪತ್ರೆಯಲ್ಲಿ ಮಾತ್ರ ಅದೇ ಪದ ಒಂದು ಘನವಾದ ಕೆಲಸದ ಹೆಸರು. ಸಿಸಿಲಿ ಸಾಂಡರ್ಸ್ ಎಂಬ ವೈದ್ಯೆ 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ತೆರೆದರು. ಸಾವಿನ ಹತ್ತಿರ ಇರುವವರ ನೋವನ್ನು ಶಿಸ್ತಾಗಿ ನೋಡಿಕೊಳ್ಳುವ ಹೊಸ ಪದ್ಧತಿ ಅಲ್ಲಿ ಬೆಳೆಯಿತು. ಅದನ್ನು ನೋಡಿ ಕಲಿತ ಕೆನಡಾದ ಬಾಲ್ಫರ್ ಮೌಂಟ್ 1975ರಲ್ಲಿ ಮಾಂಟ್ರಿಯಲ್‌ನ ಆಸ್ಪತ್ರೆಯೊಂದರಲ್ಲಿ ಅಂಥದೇ ವಿಭಾಗ ತೆರೆದರು. ಆದರೆ ಮಾಂಟ್ರಿಯಲ್ ಫ್ರೆಂಚ್ ಮಾತಾಡುವ ಊರು. ಫ್ರೆಂಚಿನಲ್ಲಿ ಹಾಸ್ಪಿಸ್ ಅಂದರೆ ದಿಕ್ಕಿಲ್ಲದವರನ್ನು ಸೇರಿಸುವ ಜಾಗ ಎಂಬ ಅರ್ಥವಿತ್ತು. ಅದಕ್ಕೇ ಅವರು ಪ್ಯಾಲಿಯೇಟಿವ್ ಎಂಬ ಹೆಸರು ಆರಿಸಿದರು. ಅದೇ ಹೆಸರು ಜಗತ್ತಿನಾದ್ಯಂತ ಹಬ್ಬಿತು. ಬೆಂಗಳೂರಿನ ಕರುಣಾಶ್ರಯ ಮಾಡುತ್ತಿರುವುದು ಈ ಕೆಲಸವನ್ನೇ. ಗುಣವಾಗುವ ಹಂತ ದಾಟಿದ ಕ್ಯಾನ್ಸರ್ ರೋಗಿಗಳನ್ನು ಅಲ್ಲಿ ಹಣ ಪಡೆಯದೆ ನೋಡಿಕೊಳ್ಳುತ್ತಾರೆ.

ವೈದ್ಯರು ಈ ಪದ ಹೇಳಿದಾಗ ಮನೆಯವರ ಕಿವಿಗೆ ಬೀಳುವುದು ‘ಕೈಬಿಟ್ಟರು’ ಎಂದು. ಅದು ಹಾಗಲ್ಲ. ರೋಗಕ್ಕೆ ಚಿಕಿತ್ಸೆ ನಡೆಯುತ್ತಿರುವಾಗಲೇ ಪ್ಯಾಲಿಯೇಟಿವ್ ಆರೈಕೆಯನ್ನೂ ಜೊತೆಗೆ ಶುರು ಮಾಡಬಹುದು. ಕ್ಯೂರ್ ಮತ್ತು ಪ್ಯಾಲಿಯೇಟ್ ಎರಡು ಬೇರೆ ಬೇರೆ ಕೆಲಸ, ಒಂದು ಸೋತ ಮೇಲೆ ಇನ್ನೊಂದು ಎಂಬ ಸರದಿ ಅವುಗಳಿಗಿಲ್ಲ. ಇಂಥ ನೋವಿಗೆ ಬೇಕಾದ ಮಾರ್ಫಿನ್ ನಮ್ಮ ದೇಶದಲ್ಲಿ 1985ರ ಮಾದಕ ವಸ್ತು ಕಾಯ್ದೆಯ ಬಿಗಿಯಿಂದಾಗಿ ಆಸ್ಪತ್ರೆಗಳಿಗೇ ಸಿಗುವುದು ಕಷ್ಟವಾಗಿತ್ತು. 2014ರ ತಿದ್ದುಪಡಿ ಆ ಬಿಗಿಯನ್ನು ಸಡಿಲಿಸಿತು. ಇಂಗ್ಲಿಷಿನಲ್ಲಿ ಹೇಳುವುದಾದರೆ ನಿಯಮ ಈಸ್ ಆಯಿತು, ನೋವು ರಿಲೀವ್ ಆಯಿತು. ನಿಯಮ ರಿಲೀವ್ ಆಯಿತು ಅನ್ನಲಾಗದು.

ಭಯ, ಸಿಟ್ಟು, ಮುನಿಸು

ಭಯ, ಅನುಮಾನ, ಆತಂಕಕ್ಕೆ ಅಲೇ. ಇದರ ಮೂಲ ಹಳೆಯ ಇಂಗ್ಲಿಷಿನ ‘ಕೆಳಗಿಡು’. ಎದ್ದು ನಿಂತ ಭಯವನ್ನು ಕೂರಿಸುವುದು. ಬ್ಯಾಂಕ್ ಮುಳುಗುತ್ತದೆ ಎಂಬ ಗಾಳಿಸುದ್ದಿ ಎದ್ದಾಗ ರಿಸರ್ವ್ ಬ್ಯಾಂಕ್ ಹೇಳಿಕೆ ಕೊಟ್ಟರೆ ಅದು ಠೇವಣಿದಾರರ ಭಯವನ್ನು ಅಲೇ ಮಾಡಲು. ಠೇವಣಿದಾರರನ್ನೇ ಅಲೇ ಮಾಡಲಾಗದು.

ಅಸ್ವೇಜ್ ಸ್ವಲ್ಪ ಪುಸ್ತಕದ ಪದ. ಮೂಲ ‘ಸುವಾವಿಸ್’, ಅಂದರೆ ಸಿಹಿ. ಪಾಪಪ್ರಜ್ಞೆ, ದುಃಖ, ಹಸಿವು, ರೋಷ ಇವುಗಳ ಜೊತೆ ಹೊಂದುತ್ತದೆ. ಗಿಲ್ಟ್ ಅನ್ನುವ ಪದದ ಪಕ್ಕದಲ್ಲಂತೂ ಇದನ್ನು ಮತ್ತೆ ಮತ್ತೆ ಕಾಣುತ್ತೀರಿ. ಊರಲ್ಲಿರುವ ಅಪ್ಪ ಅಮ್ಮನನ್ನು ನೋಡಲು ಹೋಗದ ಮಗ ದುಬಾರಿ ಫೋನ್ ಕಳಿಸಿಕೊಟ್ಟರೆ, ಅವನು ಮಾಡುತ್ತಿರುವುದು ಇದನ್ನೇ.

ಮನುಷ್ಯರನ್ನೇ ತಣ್ಣಗೆ ಮಾಡುವ ಪದಗಳು ಬೇರೆ: ಪ್ಯಾಸಿಫೈ, ಮಾಲಿಫೈ, ಪ್ಲಕೇಟ್, ಅಪೀಸ್. ಮೊದಲ ಮೂರರ ನಡುವೆ ಕೂದಲು ಸೀಳುವುದರಲ್ಲಿ ಹೆಚ್ಚು ಲಾಭವಿಲ್ಲ. ನಾಲ್ಕನೆಯದಕ್ಕೆ ಮಾತ್ರ ಇತಿಹಾಸ ಮಸಿ ಬಳಿದಿದೆ. ಅಪೀಸ್ ಅಂದರೆ ಮೂಲದಲ್ಲಿ ಶಾಂತಿಗೆ ತರುವುದು, ಅಷ್ಟೇ. 1930ರ ದಶಕದಲ್ಲಿ ಬ್ರಿಟನ್ ತನ್ನ ವಿದೇಶಾಂಗ ನೀತಿಗೆ ಅಪೀಸ್‌ಮೆಂಟ್ ಎಂದು ತಾನೇ ಹೆಸರಿಟ್ಟುಕೊಂಡಿತ್ತು, ನಾಚಿಕೆಯಿಲ್ಲದೆ. 1938ರ ಸೆಪ್ಟೆಂಬರಿನಲ್ಲಿ ಮ್ಯೂನಿಕ್‌ನಲ್ಲಿ ಪ್ರಧಾನಿ ನೆವಿಲ್ ಚೇಂಬರ್ಲಿನ್, ಚೆಕೊಸ್ಲೊವಾಕಿಯಾದ ಸುಡೆಟನ್‌ಲ್ಯಾಂಡ್ ಹಿಟ್ಲರ್‌ಗೆ ಹೋಗಲು ಒಪ್ಪಿದರು. ಆರು ತಿಂಗಳೊಳಗೆ ಹಿಟ್ಲರ್‌ನ ಸೇನೆ ಪ್ರಾಗ್ ನಗರದಲ್ಲಿತ್ತು. ಅಂದಿನಿಂದ ಆ ಪದದ ಮಾನ ಹೋಯಿತು. ಈಗ ಅಪೀಸ್ ಅಂದರೆ ತಪ್ಪು ಮಾಡುವವನ ಬಾಯಿಗೆ ತುತ್ತು ಇಟ್ಟು ಸುಮ್ಮನಾಗಿಸುವುದು. ನಮ್ಮ ಚುನಾವಣಾ ಭಾಷಣಗಳ ‘ಓಲೈಕೆ ರಾಜಕಾರಣ’ ಇದರ ಕನ್ನಡ ರೂಪ. ಮುನಿಸಿಕೊಂಡ ಗ್ರಾಹಕರನ್ನು ಸಮಾಧಾನ ಮಾಡಿದೆವು ಎಂದು ಆಫೀಸಿನ ಮೇಲ್ ಬರೆಯುವಾಗ ಅಪೀಸ್ ಹಾಕಬೇಡಿ.

ಮಿಟಿಗೇಟ್: ಕಡತದಲ್ಲಿ ಬೆಳೆದ ಪದ

ಮಿಟಿಗೇಟ್ ಮೂಲದಲ್ಲಿ ‘ಮೆದು ಮಾಡು’. ಆದರೆ ಇವತ್ತು ಅದರ ಬಳಕೆ ನೋಡಿದರೆ, ಅದು ನೋವಿಗಿಂತ ಪರಿಣಾಮವನ್ನು ಹಿಡಿಯುತ್ತದೆ. ಕೆಟ್ಟದ್ದು ಆಗಬಹುದು, ಅಥವಾ ಆಗಿಬಿಟ್ಟಿದೆ. ಅದರ ಹೊಡೆತ ಎಷ್ಟು ದೊಡ್ಡದಾಗಬೇಕು ಎಂಬುದು ಇನ್ನೂ ನಮ್ಮ ಕೈಯಲ್ಲಿದೆ. ಅಂಥ ಜಾಗದಲ್ಲಿ ಮಿಟಿಗೇಟ್. ರಿಸ್ಕ್, ಇಂಪ್ಯಾಕ್ಟ್, ಡ್ಯಾಮೇಜ್ ಈ ಮೂರು ಇದರ ಅಚ್ಚುಮೆಚ್ಚಿನ ನಾಮಪದಗಳು.

ಇದನ್ನು ರಿಲೀಫಿನ ಪಕ್ಕ ಇಟ್ಟರೆ ಚೆನ್ನಾಗಿ ಕಾಣುತ್ತದೆ. 2004ರ ಡಿಸೆಂಬರ್ ಸುನಾಮಿಯ ಮರುವರ್ಷ ಬಂದ ವಿಪತ್ತು ನಿರ್ವಹಣಾ ಕಾಯ್ದೆ ಮಿಟಿಗೇಶನ್ನನ್ನು ವಿಪತ್ತಿನ ಅಪಾಯ ಮತ್ತು ಪರಿಣಾಮವನ್ನು ತಗ್ಗಿಸುವ ಕ್ರಮಗಳು ಎಂದು ವಿವರಿಸುತ್ತದೆ. ರಿಲೀಫ್ ಅಂದರೆ ಆದ ಮೇಲೆ ಬರುವ ಅಕ್ಕಿ, ಟೆಂಟು, ಹಣ. ಇದು ಬರೀ ಪದದ ಜಗಳವಲ್ಲ, ದುಡ್ಡಿನ ಖಾತೆಯೇ ಬೇರೆ. 15ನೇ ಹಣಕಾಸು ಆಯೋಗ ರಾಜ್ಯಗಳ ವಿಪತ್ತು ನಿಧಿಯನ್ನು ಎರಡು ಭಾಗ ಮಾಡಿತು. ಶೇ 80ರಷ್ಟು ವಿಪತ್ತು ಬಂದಾಗ ಎದುರಿಸಲು, ರಿಲೀಫ್ ಅದರೊಳಗೇ ಬರುತ್ತದೆ. ಉಳಿದ ಶೇ 20 ಮಿಟಿಗೇಶನ್ನಿಗೆ. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ ಶಿಬಿರಗಳಿಗೆ ಹರಿದುಬಂದ ಬಟ್ಟೆ, ದವಸ ಎಲ್ಲ ರಿಲೀಫ್. ಇಳಿಜಾರಿನಲ್ಲಿ ಮಣ್ಣು ಕಡಿಯದಂತೆ ತಡೆಯುವುದು, ನೀರು ಹರಿದುಹೋಗಲು ದಾರಿ ಬಿಡುವುದು ಮಿಟಿಗೇಶನ್. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತ ಎಂದು ಘೋಷಣೆಯಾದಾಗ ಕೇಂದ್ರದ ಜೊತೆ ಹಗ್ಗಜಗ್ಗಾಟ ನಡೆದದ್ದು ರಿಲೀಫಿಗಾಗಿ. ಮಿಟಿಗೇಶನ್ನಿಗಾಗಿ ಯಾರೂ ಅಷ್ಟು ಜೋರಾಗಿ ಜಗಳ ಆಡುವುದಿಲ್ಲ. ಫೋಟೋ ಹೊಡೆಯಲು ಅದರಲ್ಲೇನೂ ಇರುವುದಿಲ್ಲ.

ಹವಾಮಾನದ ಮಾತಿನಲ್ಲಿ ಈ ಪದ ಇನ್ನೂ ಕಿರಿದಾಗುತ್ತದೆ. ಅಲ್ಲಿ ಮಿಟಿಗೇಶನ್ ಅಂದರೆ ವಾತಾವರಣಕ್ಕೆ ಸೇರುವ ಇಂಗಾಲವನ್ನೇ ತಗ್ಗಿಸುವುದು, ಅಥವಾ ಅದನ್ನು ಹೀರಿಕೊಳ್ಳುವ ಕಾಡಿನಂಥದ್ದನ್ನು ಬೆಳೆಸುವುದು. ಬಂದ ಬಿಸಿಯ ಜೊತೆ ಬದುಕಲು ಕಲಿಯುವುದಕ್ಕೆ ಅಡಾಪ್ಟೇಶನ್ ಎಂಬ ಬೇರೆ ಪದ. ಪಾವಗಡದ 2,050 ಮೆಗಾವಾಟ್ ಸೋಲಾರ್ ಪಾರ್ಕ್ ಮಿಟಿಗೇಶನ್. ಅದೇ ಪಾವಗಡದ ರೈತ ಮಳೆ ನೀರು ಹಿಡಿಯಲು ಕೃಷಿ ಹೊಂಡ ತೋಡಿದರೆ ಅಡಾಪ್ಟೇಶನ್. ಬರದಿಂದ ಆಗುವ ನಷ್ಟವನ್ನು ಹೊಂಡ ತಗ್ಗಿಸುತ್ತದೆ ನಿಜ. ಮಾಮೂಲಿ ಇಂಗ್ಲಿಷಿನಲ್ಲಿ ಅದನ್ನೂ ಮಿಟಿಗೇಟ್ ಅನ್ನಬಹುದು. ಆದರೆ ಹವಾಮಾನ ವರದಿಯಲ್ಲಿ ಹಾಗೆ ಬರೆದರೆ ತಪ್ಪು. ಇಂಥ ವರದಿಗಳನ್ನು ಕನ್ನಡಕ್ಕೆ ತರುವವರು ಎರಡಕ್ಕೂ ‘ಉಪಶಮನ’ ಎಂದು ಸುರಿದುಬಿಟ್ಟರೆ ಓದುಗನಿಗೆ ಏನೂ ತಿಳಿಯುವುದಿಲ್ಲ.

ಕರಾರು ಮುರಿದ ಪ್ರಕರಣಗಳಲ್ಲೂ ಇದಿದೆ. 1872ರ ಭಾರತೀಯ ಕರಾರು ಕಾಯ್ದೆಯ 73ನೇ ಕಲಂ ಪ್ರಕಾರ ನಷ್ಟ ಲೆಕ್ಕ ಹಾಕುವಾಗ, ಆ ತೊಂದರೆಯನ್ನು ಸರಿಪಡಿಸಿಕೊಳ್ಳಲು ಯಾವ ದಾರಿಗಳಿದ್ದವು ಎಂಬುದನ್ನೂ ನೋಡಬೇಕು. ವಕೀಲರು ಇದನ್ನು ‘ಡ್ಯೂಟಿ ಟು ಮಿಟಿಗೇಟ್’ ಅನ್ನುತ್ತಾರೆ. ಟೊಮೆಟೊ ಕೊಳ್ಳುತ್ತೇನೆ ಎಂದ ವ್ಯಾಪಾರಿ ಕೈಕೊಟ್ಟರೆ, ಬೇರೆಯವರಿಗೆ ಮಾರಲು ಸಾಧ್ಯವಿದ್ದರೂ ಮಾಲನ್ನು ಕೊಳೆಯಲು ಬಿಟ್ಟು ಪೂರ್ತಿ ನಷ್ಟ ಕೇಳುವಂತಿಲ್ಲ.

ಒಂದು ಎಚ್ಚರಿಕೆ. ‘ಮಿಟಿಗೇಟ್ ಅಗೇನ್‌ಸ್ಟ್’ ಎಂದು ಬರೆಯುವ ರೂಢಿ ಇಂಗ್ಲಿಷಿನವರಲ್ಲೇ ಇದೆ. ಅವರು ಬೆರೆಸುತ್ತಿರುವುದು ಮಿಲಿಟೇಟ್ ಎಂಬ ಇನ್ನೊಂದು ಪದದ ಜೊತೆ. ಮಿಲಿಟೇಟ್ ಅಗೇನ್‌ಸ್ಟ್ ಅಂದರೆ ಅಡ್ಡ ನಿಲ್ಲುವುದು. ಮಿಲಿಟರಿಯ ಮೂಲವೇ ಅದರದ್ದೂ. ಮಿಟಿಗೇಟ್‌ಗೆ ಅಗೇನ್‌ಸ್ಟ್ ಬೇಡ.

ಶಿಕ್ಷೆ ಇಳಿಯುವ ಬಗೆ

ಕೋರ್ಟಿನಲ್ಲಿ ಈ ಪದಗಳಿಗೆ ಪ್ರಾಣದ ಬೆಲೆ ಇದೆ, ಅಕ್ಷರಶಃ. 1980ರ ಬಚನ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮರಣದಂಡನೆ ‘ಅಪರೂಪದಲ್ಲಿ ಅಪರೂಪ’ದ ಪ್ರಕರಣಗಳಿಗೆ ಮಾತ್ರ ಎಂದಿತು. ಅದಕ್ಕೆ ಮೊದಲು ನ್ಯಾಯಾಧೀಶರು ಎರಡು ಬಗೆಯ ಸಂಗತಿಗಳನ್ನು ತೂಗಬೇಕು. ಅಪರಾಧವನ್ನು ಭಾರ ಮಾಡುವ ಅಗ್ರವೇಟಿಂಗ್ ಸಂಗತಿಗಳು ಒಂದು ಕಡೆ. ಆರೋಪಿಯ ವಯಸ್ಸು, ಮಾನಸಿಕ ಸ್ಥಿತಿ, ಬೇರೆಯವರ ಒತ್ತಾಯ, ಸುಧಾರಿಸುವ ಸಾಧ್ಯತೆ ಇಂಥ ಮಿಟಿಗೇಟಿಂಗ್ ಸಂಗತಿಗಳು ಇನ್ನೊಂದು ಕಡೆ. ಗಮನಿಸಿ, ಇವು ಅಪರಾಧವನ್ನು ಅಳಿಸುವುದಿಲ್ಲ. ತಪ್ಪಿತಸ್ಥ ಎಂದು ತೀರ್ಮಾನವಾದ ಮೇಲೆಯೇ ಇವುಗಳ ಸರದಿ. ‘ನನ್ನ ಕಕ್ಷಿದಾರ ಮಾಡೇ ಇಲ್ಲ’ ಎಂಬುದು ಮಿಟಿಗೇಶನ್ ಅಲ್ಲ, ಅದು ಡಿಫೆನ್ಸ್.

ಶಿಕ್ಷೆಯಾದ ಮೇಲೂ ಇಳಿಸುವ ದಾರಿಗಳಿವೆ. ಸಂವಿಧಾನದ 72ನೇ ವಿಧಿ ರಾಷ್ಟ್ರಪತಿಗೆ, 161ನೇ ವಿಧಿ ರಾಜ್ಯಪಾಲರಿಗೆ ಆ ಅಧಿಕಾರ ಕೊಡುತ್ತವೆ. ಅಲ್ಲಿ ಪದಗಳು ಸಾಲಾಗಿ ನಿಂತಿವೆ. ಪಾರ್ಡನ್ ಅಂದರೆ ಪೂರ್ತಿ ಕ್ಷಮೆ. ರಿಪ್ರೀವ್ ಅಂದರೆ ಸದ್ಯಕ್ಕೆ ತಡೆ. ರೆಸ್ಪಿಟ್ ಎಂಬುದು ಗರ್ಭಿಣಿಯಂಥ ವಿಶೇಷ ಕಾರಣಕ್ಕೆ ಕೊಡುವ ವಿನಾಯಿತಿ. ರಿಮಿಶನ್ ಅಂದರೆ ಶಿಕ್ಷೆಯ ಬಗೆ ಅದೇ, ಅಳತೆ ಕಡಿಮೆ. ಒಳ್ಳೆ ನಡತೆಗಾಗಿ ಕೈದಿಗಳ ಅವಧಿ ಕಡಿತವಾಗುವುದು ಇದರಲ್ಲಿ. ಕಮ್ಯೂಟ್ ಮಾಡಿದರೆ ಶಿಕ್ಷೆಯ ಬಗೆಯೇ ಬದಲಾಗುತ್ತದೆ: ಗಲ್ಲು ಹೋಗಿ ಜೀವಾವಧಿ ಬರುತ್ತದೆ.

ಕಮ್ಯೂಟ್ ಅಂದರೆ ದಿನಾ ಆಫೀಸಿಗೆ ಓಡಾಡುವುದು ಅಲ್ವಾ ಎಂದು ಕೇಳಬಹುದು. ಎರಡೂ ಒಂದೇ ಪದ. ಮೂಲ ಅರ್ಥ ‘ಒಂದರ ಬದಲು ಇನ್ನೊಂದು’. ಹತ್ತೊಂಬತ್ತನೇ ಶತಮಾನದ ಅಮೆರಿಕದ ರೈಲುಗಳು ದಿನವಹಿ ಪ್ರಯಾಣಿಕರಿಗೆ ಬಿಡಿ ಟಿಕೆಟ್‌ಗಳ ಬದಲು ಕಡಿಮೆ ದರದ ಒಟ್ಟು ಟಿಕೆಟ್ ಕೊಟ್ಟವು. ಅದರ ಹೆಸರು ಕಮ್ಯುಟೇಶನ್ ಟಿಕೆಟ್. ಅದನ್ನು ಹಿಡಿದು ಓಡಾಡಿದವರು ಕಮ್ಯೂಟರ್‌ಗಳಾದರು. ನಮ್ಮ ಸರ್ಕಾರಿ ನೌಕರರು ನಿವೃತ್ತಿ ಹೊತ್ತಿಗೆ ಲೆಕ್ಕ ಹಾಕುವ ಪಿಂಚಣಿ ಕಮ್ಯುಟೇಶನ್ ಕೂಡ ಇದೇ: ತಿಂಗಳ ಪಿಂಚಣಿಯ ಒಂದು ಭಾಗದ ಬದಲು ಈಗಲೇ ಇಡುಗಂಟು. ಗಲ್ಲು ಶಿಕ್ಷೆ, ರೈಲು ಟಿಕೆಟ್, ಪಿಂಚಣಿ ಮೂರರಲ್ಲೂ ನಡೆಯುವುದು ಅದಲುಬದಲು.

ಕರ್ನಾಟಕಕ್ಕೆ ಹತ್ತಿರದ ಒಂದು ಪ್ರಕರಣದಲ್ಲಿ ಈ ಪದಗಳ ಏರಿಳಿತವೆಲ್ಲ ಕಾಣುತ್ತದೆ. 1993ರ ಏಪ್ರಿಲಿನಲ್ಲಿ ಪಾಲಾರ್ ಬಳಿ ನೆಲಬಾಂಬ್ ಸಿಡಿದು 22 ಜನ ಸತ್ತರು. ವೀರಪ್ಪನ್‌ನ ನಾಲ್ವರು ಸಹಚರರಿಗೆ ಮೈಸೂರಿನ ಟಾಡಾ (ಭಯೋತ್ಪಾದನೆ ತಡೆ ಕಾಯ್ದೆ) ನ್ಯಾಯಾಲಯ ಜೀವಾವಧಿ ವಿಧಿಸಿತು. ಅವರು ಮೇಲ್ಮನವಿ ಹಾಕಿದರು. 2004ರಲ್ಲಿ ಸುಪ್ರೀಂ ಕೋರ್ಟ್ ಶಿಕ್ಷೆಯನ್ನು ಗಲ್ಲಿಗೆ ಏರಿಸಿತು. ಇಂಗ್ಲಿಷ್ ವರದಿಗಳಲ್ಲಿ ಆಗ ಬಂದ ಪದ ಎನ್‌ಹಾನ್ಸ್. ಕ್ಷಮಾದಾನದ ಅರ್ಜಿ ವರ್ಷಗಟ್ಟಲೆ ಕಾದು 2013ರಲ್ಲಿ ತಿರಸ್ಕೃತವಾಯಿತು. 2014ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇಷ್ಟೊಂದು ವಿಳಂಬವೇ ಸಾಕು ಎಂದು, ಆ ನಾಲ್ವರ ಗಲ್ಲನ್ನು ಜೀವಾವಧಿಗೆ ಕಮ್ಯೂಟ್ ಮಾಡಿತು. ರಿಮಿಟ್ ಅಲ್ಲ, ಪಾರ್ಡನ್ ಅಲ್ಲ. ಪತ್ರಿಕೆಯವರು ‘ಕ್ಷಮೆ ಸಿಕ್ಕಿತು’ ಎಂದು ಬರೆದರೆ ಸತ್ತ 22 ಜನರ ಮನೆಯವರಿಗೂ ಅನ್ಯಾಯ, ಕೋರ್ಟಿಗೂ ಅನ್ಯಾಯ.

ಟೆಂಪರ್ ಬಗ್ಗೆ ಎರಡು ಮಾತು. ಇದರ ಮೂಲ ಅರ್ಥ ಹದವಾಗಿ ಬೆರೆಸು. ಅದಕ್ಕೇ ಇದರ ಹಿಂದೆ ‘ವಿತ್’ ಬರುತ್ತದೆ: ಟೀಕೆಯನ್ನು ಹೊಗಳಿಕೆಯ ಜೊತೆ ಟೆಂಪರ್ ಮಾಡುತ್ತಾರೆ, ನ್ಯಾಯವನ್ನು ಕರುಣೆಯ ಜೊತೆ. ಕಾಯಿಸಿ ದಿಢೀರನೆ ತಣಿಸಿದ ಉಕ್ಕು ಗಡುಸು, ಆದರೆ ಪಟ್ ಅಂತ ಮುರಿಯುತ್ತದೆ. ಅದನ್ನು ಮತ್ತೆ ಹದವಾಗಿ ಕಾಯಿಸಿ ಆ ಸೆಡೆತ ತೆಗೆಯುವುದೂ ಟೆಂಪರಿಂಗ್. ಭಾರತೀಯ ಇಂಗ್ಲಿಷಿನ ಅಡುಗೆ ಪುಸ್ತಕಗಳಲ್ಲಿ ಟೆಂಪರಿಂಗ್ ಅಂದರೆ ಒಗ್ಗರಣೆ! ಒಗ್ಗರಣೆ ಸಾರನ್ನು ತಣ್ಣಗೆ ಮಾಡುತ್ತದೆಯೋ ಚುರುಕು ಮಾಡುತ್ತದೆಯೋ ಎಂದು ತಿಂದವರು ಹೇಳಬೇಕು.

ಅಟೆನ್ಯುಯೇಟ್ ಅಂದರೆ ತೆಳುವಾಗಿಸುವುದು. ಲಸಿಕೆಯ ಲೋಕದ ಪದ. ಮಕ್ಕಳ ಬಾಯಿಗೆ ಹಾಕುವ ಪೋಲಿಯೊ ಹನಿ, ತೋಳಿಗೆ ಚುಚ್ಚುವ ಬಿಸಿಜಿ ಎರಡರಲ್ಲೂ ಇರುವುದು ಹೀಗೆ ಬಲ ತಗ್ಗಿಸಿದ ಜೀವಂತ ರೋಗಾಣು. ಬಿಸಿಜಿಗಾಗಿ ಫ್ರಾನ್ಸಿನ ಕಾಲ್ಮೆಟ್ ಮತ್ತು ಗೆರಾನ್ ಒಂದೇ ಬ್ಯಾಕ್ಟೀರಿಯಾವನ್ನು 13 ವರ್ಷಗಳಲ್ಲಿ 230 ಸಲ ಮರುಬೆಳೆಸಿ ಅದರ ಸೊಕ್ಕು ಇಳಿಸಿದರು. 1921ರಲ್ಲಿ ಅದನ್ನು ಮೊದಲ ಸಲ ಮಗುವಿಗೆ ಕೊಟ್ಟರು. ಇಲ್ಲಿ ರೋಗಾಣುವನ್ನು ಮಿಟಿಗೇಟ್ ಮಾಡಿದರು ಅನ್ನುವಂತಿಲ್ಲ.

ಆಗು ಮತ್ತು ಮಾಡು

ಇಷ್ಟೆಲ್ಲ ಪದ ಕಲಿತ ಮೇಲೂ ಕನ್ನಡಿಗರು ಸಿಕ್ಕಿಬೀಳುವ ಜಾಗ ಬೇರೆಯೇ ಇದೆ. ನಮಗೆ ‘ಕಡಿಮೆ ಆಗು’, ‘ಕಡಿಮೆ ಮಾಡು’ ಎರಡೂ ಒಂದೇ ಸಲೀಸು. ಇಂಗ್ಲಿಷಿನಲ್ಲಿ ಮಿಟಿಗೇಟ್, ಅಲೀವಿಯೇಟ್, ಅಲೇ, ಸೂದ್, ರಿಲೀವ್ ಎಲ್ಲವೂ ‘ಮಾಡು’ ಜಾತಿ. ಯಾರೋ ಅಥವಾ ಯಾವುದೋ ಮಾಡಬೇಕು. ಸಬ್‌ಸೈಡ್ ಎಂಬುದು ‘ಆಗು’ ಮಾತ್ರ: ಪ್ರವಾಹ, ಜ್ವರ, ಗಲಾಟೆ ತಾವಾಗಿ ಇಳಿಯುತ್ತವೆ. ಅಬೇಟ್ ಕೂಡ ಹೆಚ್ಚಾಗಿ ಹಾಗೇ. ಬಿರುಗಾಳಿ ಅಬೇಟ್ ಆಗುತ್ತದೆ. ಕಾನೂನಿನಲ್ಲಿ ಮಾತ್ರ ಶಬ್ದಮಾಲಿನ್ಯವನ್ನು ಅಬೇಟ್ ‘ಮಾಡು’ತ್ತಾರೆ. ಈಸ್, ಲೆಸನ್, ಸಾಫನ್ ಎರಡೂ ಕಡೆ ಸಲ್ಲುತ್ತವೆ. ಅಂದಹಾಗೆ ಅದು ಸಾಫನ್, ಸಾಫ್ಟನ್ ಅಲ್ಲ. ನಡುವಿನ ‘ಟ’ ಬಾಯಿ ಬಿಡುವುದಿಲ್ಲ.

‘ಮೈ ಫೀವರ್ ಹ್ಯಾಸ್ ರಿಡ್ಯೂಸ್ಡ್’ ಎಂದು ನಾವೆಲ್ಲ ರಜೆ ಚೀಟಿಯಲ್ಲಿ ಬರೆದವರೇ. ನಮ್ಮೊಳಗೆ ಅದು ಚೆನ್ನಾಗಿಯೇ ಓಡುತ್ತದೆ. ಅದನ್ನು ತಪ್ಪು ಎಂದು ಗದರುವ ಹುಮ್ಮಸ್ಸು ನನಗಿಲ್ಲ. ಹೊರಗಿನವರಿಗೆ ಬರೆಯುವಾಗ ಮಾತ್ರ ‘ಹ್ಯಾಸ್ ಕಮ್ ಡೌನ್’ ಎನ್ನುವುದು ಸಹಜ. ತೂಕವನ್ನು ರಿಡ್ಯೂಸ್ ಮಾಡುವುದಕ್ಕಿಂತ ಲೂಸ್ ಮಾಡುವುದು ಅವರ ರೂಢಿ. ಮಳೆಗೆ ‘ಲೆಟ್ ಅಪ್’ ಇದೆ, ಅದು ನಮ್ಮ ಹೊಳವಾಗುವುದಕ್ಕೆ ತುಂಬ ಹತ್ತಿರ. ಔಷಧಿಯ ಅಮಲಿಗೆ ‘ವೇರ್ ಆಫ್’.

ಈ ಆಗು-ಮಾಡು ಆಟವನ್ನು ಹೇಳಿಕೆ ಬರೆಯುವವರು ಚೆನ್ನಾಗಿ ಬಲ್ಲರು. ‘ಪೊಲೀಸರು ಉದ್ವಿಗ್ನತೆಯನ್ನು ಡಿಫ್ಯೂಸ್ ಮಾಡಿದರು’ ಅಂದರೆ ಮಾಡಿದವರು ಕಾಣುತ್ತಾರೆ, ಹೇಗೆ ಮಾಡಿದರು ಎಂದು ಕೇಳಲೂ ಬಹುದು. ‘ಉದ್ವಿಗ್ನತೆ ಈಸ್ ಆಗಿದೆ’ ಅಂದರೆ ಯಾರೂ ಕಾಣುವುದಿಲ್ಲ. ಒಂದು ವರದಿಯ ಮಾತನ್ನು ಟೋನ್ ಡೌನ್ ಮಾಡಿದರೆ ದನಿ ಮೆತ್ತಗಾಯಿತು, ವಿಷಯ ಉಳಿಯಿತು. ವಾಟರ್ ಡೌನ್ ಮಾಡಿದರೆ ವಿಷಯವೇ ನೀರಾಯಿತು. ವರದಿ ಬರೆಸಿದವರು ಸಾಮಾನ್ಯವಾಗಿ ಮೊದಲನೆಯದನ್ನೇ ಮಾಡಿದೆವು ಅನ್ನುತ್ತಾರೆ, ಓದಿದವರು ಎರಡನೆಯದು ಅನ್ನುತ್ತಾರೆ. ಕನ್ನಡದಲ್ಲಿ ಪತ್ರಿಕೆಗಳು ಈಸ್‌ಗೆ ಸರಿಯಾದ ಜೋಡಿ ಯಾವತ್ತೋ ಹುಡುಕಿಕೊಂಡಿವೆ: ‘ಪರಿಸ್ಥಿತಿ ತಿಳಿಗೊಂಡಿದೆ’. ಯಾರು ತಿಳಿಗೊಳಿಸಿದರು, ಅದಕ್ಕೆ ಮೊದಲು ಕದಡಿದವರು ಯಾರು ಎಂದು ಆ ವಾಕ್ಯವನ್ನು ಕೇಳಿ ಪ್ರಯೋಜನವಿಲ್ಲ.